ಯುದ್ಧದ ತಾರೀಕು ಬೇರೆ, ಪತ್ರಿಕೆಯ ತಾರೀಕು ಬೇರೆ

ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಆ ಸುದ್ದಿ ಇರುವ ಲಂಡನ್ ಪತ್ರಿಕೆ ಬೇಕೆಂದು ಅದೇ ಮೇ ತಿಂಗಳ ಸಂಚಿಕೆ ಕೊಂಡರೆ, ಕೋಟೆ ಬಿದ್ದ ಬಗ್ಗೆ ಅದರಲ್ಲಿ ಒಂದು ಸಾಲೂ ಸಿಗದು. ಸುದ್ದಿ ಲಂಡನ್ ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಯುದ್ಧದ ಸುದ್ದಿ ಇರುವ ಹಳೆಯ ಪತ್ರಿಕೆ ಸಂಗ್ರಹಿಸುವ ಹೊಸಬರು ಎಡವುವುದೇ ಇಲ್ಲಿ.

ಹಾಗಾಗಿ ದುಡ್ಡು ತೆಗೆಯುವ ಮೊದಲು ಸುದ್ದಿಯ ದಾರಿ ಗೊತ್ತುಮಾಡಿಕೊಳ್ಳಿ. ಸ್ಪೇನ್ ಕರಾವಳಿಯ ಬಳಿ ಬ್ರಿಟಿಷರು ಗೆದ್ದ ಟ್ರಫಾಲ್ಗರ್ ನೌಕಾಯುದ್ಧ ನಡೆದದ್ದು 1805ರ ಅಕ್ಟೋಬರ್ 21ಕ್ಕೆ. ಹತ್ತಿರದಲ್ಲೇ ಇದ್ದ ಜಿಬ್ರಾಲ್ಟರ್ ಕ್ರಾನಿಕಲ್ ಪತ್ರಿಕೆ 24ಕ್ಕೇ ಅಚ್ಚು ಹಾಕಿತು. ಬ್ರಿಟಿಷ್ ಅಡ್ಮಿರಲ್ ಕಾಲಿಂಗ್‌ವುಡ್ ಬರೆದ ವರದಿ ಹೊತ್ತ ‘ಪಿಕಲ್’ ಎಂಬ ಸಣ್ಣ ಹಡಗು ಇಂಗ್ಲೆಂಡಿನ ಫಾಲ್ಮತ್ ಸೇರಿದ್ದು ನವೆಂಬರ್ 4ಕ್ಕೆ. ಅಲ್ಲಿಂದ ಅದರ ಕಮಾಂಡರ್ ಲೆಫ್ಟಿನೆಂಟ್ ಲ್ಯಾಪೆನೋಟಿಯೇರ್ ದಾರಿಯುದ್ದಕ್ಕೂ ಕುದುರೆ ಬದಲಿಸುತ್ತ 6ರ ನಡುರಾತ್ರಿ ಒಂದು ಗಂಟೆಗೆ ಲಂಡನ್ ತಲುಪಿದರು. ಅದೇ ದಿನ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನ ವಿಶೇಷ ಸಂಚಿಕೆ ಬಂತು, ಮರುದಿನ ದಿ ಟೈಮ್ಸ್. ಹುಡುಕಬೇಕಾದದ್ದು ಈ ತಾರೀಕುಗಳನ್ನು.

ಮುಖಪುಟದಲ್ಲಿ ದಪ್ಪಕ್ಷರದ ತಲೆಬರಹ ಇರುತ್ತದೆ ಎಂದು ಕಾಯಬೇಡಿ. ಆಗಿನ ಟೈಮ್ಸ್ ನಾಲ್ಕೇ ಪುಟ, ಮೊದಲ ಪುಟದ ತುಂಬ ಜಾಹೀರಾತು. ಯುದ್ಧ ಒಳಗೆ, ಸಣ್ಣಕ್ಷರದಲ್ಲಿ ಎಲ್ಲೋ ಅಡಗಿರುತ್ತದೆ. ಮಾರುವವರಿಂದ ಒಳಪುಟಗಳ ಫೋಟೊ ತರಿಸಿಕೊಳ್ಳದೆ ಒಪ್ಪಬಾರದು.

ಈಗ ಅಸಲಿ–ನಕಲಿ ವಿಚಾರ. ಪ್ರಸಿದ್ಧ ಸಂಚಿಕೆಗಳನ್ನು ಆಮೇಲೆ ನೆನಪಿಗೆಂದು ಮರುಮುದ್ರಿಸಿದ್ದು ಬೇಕಾದಷ್ಟಿದೆ. ವಾಟರ್ಲೂ ಸುದ್ದಿಯ 1815ರ ಜೂನ್ 22ರ ಟೈಮ್ಸ್ ಎಂದು ನಾನೂ ಒಂದನ್ನು ಕೊಂಡಿದ್ದೆ. ಹಾಳೆ ಕಂದು ತಿರುಗಿತ್ತು, ಮಡಿಕೆ ಬಿಚ್ಚಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತಿತ್ತು. ಇನ್ನೂರು ವರ್ಷದ್ದಲ್ಲವೇ, ಇರಬೇಕಾದ್ದೇ ಎಂದು ಬೀಗಿದೆ. ಮೋಸ ಬಯಲಾದದ್ದೂ ಅದರಿಂದಲೇ! 1815ರ ಕಾಗದ ಚಿಂದಿ ಬಟ್ಟೆಯ ನಾರಿನದು; ಇಂದಿಗೂ ಬಟ್ಟೆಯಂತೆ ಗಟ್ಟಿ. ಪುಡಿಯಾಗುವುದು ಮರದ ತಿರುಳಿನ ಕಾಗದ, ಅದು ಪತ್ರಿಕೆಗಳಿಗೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಕೈಯಲ್ಲಿ ತಯಾರಿಸಿದ ಹಳೆಯ ಕಾಗದವಾದರೆ ಜರಡಿಯ ತಂತಿಗಳ ಗೀರು ಒತ್ತೊತ್ತಾಗಿ ಕಾಣುತ್ತದೆ, ಕೆಲವೊಮ್ಮೆ ವಾಟರ್‌ಮಾರ್ಕಿನಲ್ಲಿ ಇಸವಿಯೂ. ಹಿಂಬದಿಗೆ ಬೆರಳಾಡಿಸಿದರೆ ಸೀಸದ ಅಚ್ಚಿನಮೊಳೆ ಒತ್ತಿದ ಉಬ್ಬು ಸಿಗಬೇಕು. ಆ ಕಾಲದ ಬ್ರಿಟಿಷ್ ಪತ್ರಿಕೆಗಳಿಗೆ ತೆರಿಗೆ ಇತ್ತು. ಕಟ್ಟಿದ್ದಕ್ಕೆ ಗುರುತಾಗಿ ಹಾಳೆಯ ಮೂಲೆಯಲ್ಲಿ ಕೆಂಪು ಮುದ್ರೆ. ನನ್ನ ‘ವಾಟರ್ಲೂ’ದಲ್ಲಿ ಆ ಮುದ್ರೆಯೂ ಅಕ್ಷರದ ಜೊತೆಗೇ ಕಪ್ಪು ಶಾಯಿಯಲ್ಲಿ ಬಂದಿತ್ತು. 1799ರ ಪತ್ರಿಕೆಯಲ್ಲಿ ‘ಎಸ್’ ಅಕ್ಷರ ಬಹಳ ಕಡೆ ‘ಎಫ್’ನಂತೆ ಉದ್ದವಾಗಿ ಕಂಡರೆ ಗಾಬರಿ ಬೇಡ. ಟೈಮ್ಸ್ ಅದನ್ನು ಕೈಬಿಟ್ಟದ್ದೇ 1803ರಲ್ಲಿ. ಮಡಿಕೆಯ ಅಂಚಿನಲ್ಲಿ ಹೊಲಿಗೆಯ ತೂತುಗಳಿದ್ದರೂ ದೋಷವಲ್ಲ, ಗ್ರಂಥಾಲಯದ ಬೈಂಡಿನಿಂದ ಬಿಚ್ಚಿದ ಪ್ರತಿ ಅಷ್ಟೇ. ಕೊನೆಗೆ, ಗೆಜೆಟ್‌ನ ಹಳೆಯ ಸಂಚಿಕೆಗಳು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ವರದಿಯನ್ನು ಸಾಲು ಸಾಲಾಗಿ ತಾಳೆ ನೋಡಿ.

ಜೇಬು ಸಣ್ಣದಿದ್ದರೆ ಟೈಮ್ಸ್ ಆಸೆ ಬಿಡಿ. ಅದೇ ವರದಿಯನ್ನು ಕೆಲವು ದಿನ ತಡವಾಗಿ ಮತ್ತೆ ಅಚ್ಚು ಹಾಕಿದ ಸಣ್ಣ ಊರುಗಳ ಪತ್ರಿಕೆಗಳು ಕಡಿಮೆಗೆ ಬರುತ್ತವೆ. ನನಗಂತೂ ಅವೇ ಇಷ್ಟ, ಪಕ್ಕದ ಕಾಲಮ್ಮಿನಲ್ಲಿ ಆ ಊರಿನ ಸಂತೆಯ ಧಾರಣೆಯೂ ಇರುತ್ತದೆ.

ಮನೆಗೆ ಬಂದ ಮೇಲೆ ಸೆಲ್ಲೋಟೇಪ್, ಲ್ಯಾಮಿನೇಷನ್ ಎರಡೂ ನಿಷಿದ್ಧ. ಪಿವಿಸಿ ಬಿಟ್ಟು ಪಾಲಿಯೆಸ್ಟರ್ ಹಾಳೆಯೊಳಗೆ, ಆಮ್ಲವಿಲ್ಲದ ರಟ್ಟಿನ ಮೇಲೆ, ಮಡಿಸದೆ ಮಲಗಿಸಿ. ಕರಾವಳಿಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬದಲಿಸುತ್ತಿರಬೇಕು. ಇಲ್ಲಿ ಕೊಂಡದ್ದನ್ನು ವಿದೇಶದಲ್ಲಿರುವ ಮಕ್ಕಳಿಗೆ ಕೊರಿಯರ್ ಮಾಡುವ ಯೋಚನೆ ಇದ್ದರೆ ಮೊದಲು ಪುರಾತತ್ವ ಇಲಾಖೆಯನ್ನು ಕೇಳಿ. 75 ವರ್ಷ ದಾಟಿದ ಐತಿಹಾಸಿಕ ದಾಖಲೆಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.

ಪ್ರತಿ ಹಾಳೆಗೂ ಒಂದು ಚೀಟಿ ಬರೆದು ಕವರಿನ ಹೊರಗೆ ಅಂಟಿಸಿ. ಹಾಳೆಗೆ ಪೆನ್ನು ಮುಟ್ಟಿಸಬೇಡಿ. ಚೀಟಿಯಲ್ಲಿ ಮೂರು ತಾರೀಕು: ಯುದ್ಧ ನಡೆದದ್ದು, ವರದಿ ಬರೆದದ್ದು, ಪತ್ರಿಕೆ ಅಚ್ಚಾದದ್ದು.