ಸೈನ್ಯದ ಎಂಐ ರೂಮಿನ ಬುದ್ಧಿ ಚಳ್ಳಕೆರೆಯಲ್ಲಿ ಕೆಲಸಕ್ಕೆ ಬಂತು

ಸೈನ್ಯದಿಂದ ನಿವೃತ್ತನಾದ ಮೇಲೆ ಇಸಿಎಚ್‌ಎಸ್‌ಗೆ, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಗೆ, ₹30,000 ಕಟ್ಟಿ ಕಾರ್ಡ್ ಮಾಡಿಸಿದ್ದೆ. ಆದರೂ ಎರಡು ವರ್ಷ ಅದರ ಪಾಲಿಕ್ಲಿನಿಕ್ ಕಡೆ ತಲೆ ಹಾಕಲಿಲ್ಲ. ಚಳ್ಳಕೆರೆಯಿಂದ ಬಸ್ಸು ಬದಲಿಸಿ ಹೋಗಿಬರಲು ಒಂದು ದಿನ ಪೂರ್ತಿ ಹಾಳು. ಬಿಪಿ, ಶುಗರ್ ಎರಡಕ್ಕೂ ದಾವಣಗೆರೆಯ ಒಬ್ಬ ದೊಡ್ಡ ಡಾಕ್ಟರೇ ಗತಿ. ಮಾತ್ರೆಗೇ ತಿಂಗಳಿಗೆ 3,000 ಹತ್ತಿರ. ಒಮ್ಮೆ ತಲೆಸುತ್ತು ಅಂತ ಬೇರೊಂದು ಆಸ್ಪತ್ರೆಯಲ್ಲಿ ಎರಡು ದಿನ ಮಲಗಿದೆ. ಬಿಲ್ಲು 18,000 ಚಿಲ್ಲರೆ. ಪಾಲಿಕ್ಲಿನಿಕ್ಕಿನ ರೆಫರಲ್ ಚೀಟಿ ಇಲ್ಲ, ಎಮರ್ಜೆನ್ಸಿಯೂ ಅಲ್ಲ. ಕ್ಲೇಮ್ ವಾಪಸ್ ಬಂತು.

ಆಮೇಲೆ ಕಾಲು ಊದತೊಡಗಿತು. ನಮ್ಮ ಬೀದಿಯಲ್ಲೊಬ್ಬರು ನಿವೃತ್ತ ನರ್ಸಿಂಗ್ ಅಸಿಸ್ಟೆಂಟ್ ಇದ್ದಾರೆ. ಮಾತ್ರೆಗಳನ್ನೆಲ್ಲ ಮಂಚದ ಮೇಲೆ ಸುರಿಸಿ ನೋಡಿದರು. ಎರಡು ಬೇರೆ ಬೇರೆ ಕಂಪನಿ ಹೆಸರು, ಒಳಗೆ ಎರಡೂ ಆಮ್ಲೋಡಿಪಿನ್ ಅನ್ನುವ ಒಂದೇ ಬಿಪಿ ಔಷಧ! ಒಬ್ಬ ಡಾಕ್ಟರ ಚೀಟಿ ಇನ್ನೊಬ್ಬ ಡಾಕ್ಟರು ನೋಡಿರಲಿಲ್ಲ.

ಯೂನಿಟ್‌ನಲ್ಲಿ ಹೀಗಾಗುತ್ತಿತ್ತಾ? ಹುಷಾರಿಲ್ಲ ಅಂತ ಎಂಐ ರೂಮಿಗೆ (ಯೂನಿಟ್ಟಿನ ಪುಟ್ಟ ದವಾಖಾನೆ) ಸಿಕ್ ರಿಪೋರ್ಟ್‌ಗೆ ಹೋದರೆ ಮೊದಲು ನರ್ಸಿಂಗ್ ಅಸಿಸ್ಟೆಂಟ್, ಆಮೇಲೆ ಆರ್‌ಎಂಒ (ಯೂನಿಟ್ಟಿನ ಡಾಕ್ಟರು), ಅವರ ಕೈ ಮೀರಿದರೆ ಎಂಎಚ್ (ಮಿಲಿಟರಿ ಆಸ್ಪತ್ರೆ). ಅಟೆಂಡ್ ಸಿ (ಡ್ಯೂಟಿಯಲ್ಲಿ ರಿಯಾಯಿತಿ) ಬೇಕು ಅಂತ ನಾಟಕ ಮಾಡುವವನು ಯಾರು ಅನ್ನುವುದೂ ಆರ್‌ಎಂಒಗೆ ಗೊತ್ತು. ಅದೇ ಸಾಲನ್ನು ಇಲ್ಲೂ ಹಿಡಿದೆ. ವಾರಕ್ಕೆರಡು ಸಲ ಬೀದಿಯ ಆ ನರ್ಸಿಂಗ್ ಅಸಿಸ್ಟೆಂಟ್ ಹತ್ತಿರ ಬಿಪಿ ನೋಡಿಸಿ ನೋಟ್‌ಬುಕ್ಕಿಗೆ ಬರೆಯುವುದು. ತಿಂಗಳಿಗೊಮ್ಮೆ ಪಾಲಿಕ್ಲಿನಿಕ್. ಸ್ಪೆಷಲಿಸ್ಟ್ ಬೇಕಾದರೆ ರೆಫರಲ್ ಮೇಲೆ ಮಾತ್ರ.

ನಮ್ಮ ಸುಬೇದಾರ್ ಸಾಹೇಬರು ನಕ್ಕರು. "ಪಾಲಿಕ್ಲಿನಿಕ್ ಅಂದ್ರೆ ಮಾತ್ರೆ ಇಸ್ಕೊಳ್ಳೋ ಜಾಗ ಕಣಪ್ಪ. ಡಾಕ್ಟ್ರು ವರ್ಷಕ್ಕೊಬ್ಬರು. ನಿನ್ನ ಯಾರು ನೆನಪಿಟ್ಕೋತಾರೆ?"

ಮಾತು ನಿಜವೇ. ಗುತ್ತಿಗೆ ಡಾಕ್ಟರುಗಳು, ಒಂದೂವರೆ ವರ್ಷದಲ್ಲಿ ಮೂವರನ್ನು ಕಂಡೆ. ಮೊದಲ ಎರಡು ತಿಂಗಳಂತೂ ಅಲ್ಲಿ ಬಿಪಿ 160 ದಾಟುತ್ತಿತ್ತು, ಡೋಸ್ ಏರಿಸಲು ಹೊರಟಿದ್ದರು. ಮನೆಯಲ್ಲಿ 135. ಬಸ್ಸಿಳಿದು ಓಡಿಬಂದು ಕೈ ಚಾಚಿದರೆ ಇನ್ನೇನಾಗುತ್ತೆ? ನೋಟ್‌ಬುಕ್ ಮುಂದಿಟ್ಟೆ. ಹದಿನೈದು ನಿಮಿಷ ಕೂರಿಸಿ ಮತ್ತೆ ನೋಡಿದರು, 138. ಡೋಸ್ ಏರಲಿಲ್ಲ. ಎರಡನೇ ಆಮ್ಲೋಡಿಪಿನ್ ಹೊಡೆದು ಹಾಕಿದ್ದೂ ಅವರೇ. ಕಾಲಿನ ಊತ ಎರಡು ವಾರದಲ್ಲಿ ಇಳಿಯಿತು.

ನಡುವೆ ಒಂದು ತರಲೆ ಪ್ರಯೋಗವನ್ನೂ ಮಾಡಿದೆ. ದಾವಣಗೆರೆಯಲ್ಲಿ ಎರಡು ಬೆಣ್ಣೆ ದೋಸೆ ತಿಂದು ಎರಡು ಗಂಟೆ ಬಿಟ್ಟು ಶುಗರ್ ನೋಡಿದರೆ 240. ಇನ್ನೊಂದು ದಿನ ಮನೆಯಲ್ಲಿ ನವಣೆ ಅನ್ನ, ಹುರುಳಿ ಸಾರು: 170. ಬೆಣ್ಣೆ ದೋಸೆ ಬಿಟ್ಟಿಲ್ಲ, ಒಂದಕ್ಕಿಳಿಸಿದ್ದೇನೆ.

ಏಳು ಮಾತ್ರೆ ಈಗ ನಾಲ್ಕಾಗಿವೆ. ಬಸ್ ಚಾರ್ಜೂ ಸೇರಿ ತಿಂಗಳಿಗೆ 500 ದಾಟಲ್ಲ. ಮೊನ್ನೆ ಸುಬೇದಾರ್ ಸಾಹೇಬರೂ ಒಂದು ನೋಟ್‌ಬುಕ್ ಹಿಡಿದು ಬಂದಿದ್ದರು, ಗೆರೆ ಹಾಕಿಕೊಟ್ಟೆ. ಯಾವ ದಿನ, ಎಷ್ಟು ಹೊತ್ತಿಗೆ ಹೋದರೆ ಕ್ಯೂ ಇರಲ್ಲ ಅನ್ನುವುದನ್ನು ಮಾತ್ರ ಅವರಿಗೂ ಹೇಳಿಲ್ಲ.