ನಲವತ್ತು ದಾಟಿದ ಮೇಲೆ ಎಂ.ಎಸ್.ಡಬ್ಲ್ಯು: ಅರ್ಜಿಯಿಂದ ಕ್ಷೇತ್ರಕಾರ್ಯದವರೆಗೆ

‘ಪದವಿ ಮುಗಿಸಿ ಇಪ್ಪತ್ತು ವರ್ಷವಾಯಿತು, ಈಗ ಸೇರಿಸಿಕೊಳ್ಳುತ್ತಾರೆಯೇ?’ ನಾನು ಎಂ.ಎಸ್.ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದಿದ್ದೇನೆಂದು ತಿಳಿದವರು ಮೊದಲು ಕೇಳುವುದು ಇದನ್ನೇ. ಕೇಳುವವರಲ್ಲಿ ಹೆಚ್ಚಿನವರು ಹೆಂಗಸರು. ಮಕ್ಕಳು ಹೈಸ್ಕೂಲು ದಾಟಿರುತ್ತಾರೆ. ಇವರು ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಸ್ವಸಹಾಯ ಸಂಘದಲ್ಲೋ ದುಡಿಯುತ್ತ ಜನರ ಕಷ್ಟವನ್ನು ಹತ್ತಿರದಿಂದ ಕಂಡಿರುತ್ತಾರೆ. ಸೇರಿಸಿಕೊಳ್ಳುತ್ತಾರೆ. ಇದಕ್ಕೆ ಸಾಮಾನ್ಯವಾಗಿ ವಯಸ್ಸಿನ ಮಿತಿ ಇಲ್ಲ. ಯಾವ ವಿಷಯದಲ್ಲಿ ಪದವಿ ಪಡೆದಿದ್ದರೂ ನಡೆಯುತ್ತದೆ. ಅಂಕ ಮಾತ್ರ ಸಂಸ್ಥೆಗೆ ತಕ್ಕಂತೆ ಶೇ 45 ಅಥವಾ 50 ಇರಬೇಕಾಗುತ್ತದೆ. ನಾನು ಬಿ.ಕಾಂ. ಮುಗಿಸಿ, ಸಹಕಾರ ಸಂಘವೊಂದರಲ್ಲಿ 17 ವರ್ಷ ಲೆಕ್ಕ ಬರೆದು, 42ನೇ ವಯಸ್ಸಿನಲ್ಲಿ ಕ್ರೈಸ್ತ ವಿಶ್ವವಿದ್ಯಾಲಯವೊಂದರ ತರಗತಿಯಲ್ಲಿ ಕುಳಿತವಳು. ದಾರಿ ಹೇಗಿರುತ್ತದೆ ಎಂಬುದನ್ನು ಆ ಎರಡು ವರ್ಷಗಳ ಅನುಭವದಿಂದ ಬರೆಯುತ್ತಿದ್ದೇನೆ.

ಯಾವ ಕೋರ್ಸು, ಎಲ್ಲಿ?

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಸಮಾಜ ಕಲ್ಯಾಣ ಎಂದರೆ ಸರ್ಕಾರವೂ ಸಂಘ ಸಂಸ್ಥೆಗಳೂ ನಡೆಸುವ ಯೋಜನೆಗಳ ವ್ಯವಸ್ಥೆ. ಆ ವ್ಯವಸ್ಥೆಯೊಳಗೆ ಕೆಲಸ ಮಾಡಲು ಕಲಿಸುವ ವಿದ್ಯೆಯ ಹೆಸರು ಸಮಾಜಕಾರ್ಯ. ಸಮಾಜಸೇವೆ ಯಾರು ಬೇಕಾದರೂ ಮಾಡಬಹುದು, ಅದಕ್ಕೆ ಪದವಿ ಬೇಡ. ಅರ್ಜಿ ನಮೂನೆಯಲ್ಲಿ ನೀವು ಹುಡುಕಬೇಕಾದದ್ದು ಬಿ.ಎಸ್.ಡಬ್ಲ್ಯು (ಸಮಾಜಕಾರ್ಯದ ಮೊದಲ ಪದವಿ) ಅಥವಾ ಎಂ.ಎಸ್.ಡಬ್ಲ್ಯು ಎಂಬ ಹೆಸರನ್ನು. ಕೈಯಲ್ಲಿ ಈಗಾಗಲೇ ಒಂದು ಪದವಿ ಇದ್ದರೆ ನೇರವಾಗಿ ಎಂ.ಎಸ್.ಡಬ್ಲ್ಯು, ಎರಡು ವರ್ಷ, ನಾಲ್ಕು ಸೆಮಿಸ್ಟರ್.

ಈ ವಿದ್ಯೆಗೂ ಕ್ರೈಸ್ತ ಸಂಸ್ಥೆಗಳಿಗೂ ನಂಟು ಹಳೆಯದು. 1936ರಲ್ಲಿ ಮುಂಬೈಯಲ್ಲಿ ದೊರಾಬ್ಜಿ ಟಾಟಾ ಹೆಸರಿನಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ತೆರೆದಾಗ ಅದರ ಮುಖ್ಯಸ್ಥರಾದವರು ಕ್ಲಿಫರ್ಡ್ ಮ್ಯಾನ್‌ಶಾರ್ಟ್. ನಾಗಪಾಡಾದ ಬಡವರ ಕೇರಿಗಳ ನಡುವೆ ಕೆಲಸ ಮಾಡುತ್ತಿದ್ದ ಅಮೆರಿಕದ ಮಿಷನರಿ. ಆ ಶಾಲೆಯೇ ಇಂದಿನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ). ಸಮಾಜಕಾರ್ಯ ಕಲಿಸುವ ಕಾಲೇಜುಗಳಾದ ಮುಂಬೈಯ ನಿರ್ಮಲಾ ನಿಕೇತನವನ್ನು 1955ರಲ್ಲಿ, ಮಂಗಳೂರಿನ ರೋಶನಿ ನಿಲಯವನ್ನು 1960ರಲ್ಲಿ ಕಟ್ಟಿದವರು ‘ಡಾಟರ್ಸ್ ಆಫ್ ದ ಹಾರ್ಟ್ ಆಫ್ ಮೇರಿ’ ಎಂಬ ಒಂದೇ ಸಂಘದ ಕ್ರೈಸ್ತ ಭಗಿನಿಯರು. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲೋಶಿಯಸ್ ಕಾಲೇಜು ಆರಂಭವಾದ 1880ರಲ್ಲೇ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದ್ದರು.

ಇಂದು ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕ್ರೈಸ್ಟ್ 2008ರಿಂದ, ಮಂಗಳೂರಿನ ಸಂತ ಅಲೋಶಿಯಸ್ 2024ರಿಂದ ಪರಿಗಣಿತ (ಡೀಮ್ಡ್) ವಿಶ್ವವಿದ್ಯಾಲಯಗಳು, ಅಂದರೆ ತಾವೇ ಪದವಿ ಕೊಡಬಲ್ಲವು. ಎರಡರಲ್ಲೂ ಎಂ.ಎಸ್.ಡಬ್ಲ್ಯು ಇದೆ. ರೋಶನಿ ನಿಲಯ ವಿಶ್ವವಿದ್ಯಾಲಯವಲ್ಲ, ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ ಸ್ವಾಯತ್ತ ಕಾಲೇಜು. ಪದವಿಯ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಶುಲ್ಕದಲ್ಲಿ ದೊಡ್ಡ ಅಂತರವಿರುತ್ತದೆ, ಅದನ್ನು ಮೊದಲೇ ವಿಚಾರಿಸಿ.

ವಿಚಾರಿಸಲು ಹೋದಾಗ ಕಚೇರಿಯ ಕಿಟಕಿಯಲ್ಲಿ ಶುಲ್ಕದ ಹಾಳೆ ತೆಗೆದುಕೊಂಡು ಹಿಂದಿರುಗಬೇಡಿ. ವಿಭಾಗಕ್ಕೆ ಹೋಗಿ ಎರಡು ಪ್ರಶ್ನೆ ಕೇಳಿ: ವಿಶೇಷ ಅಧ್ಯಯನದ ಆಯ್ಕೆಗಳು ಯಾವುವು, ಕ್ಷೇತ್ರಕಾರ್ಯಕ್ಕೆ, ಅಂದರೆ ತರಗತಿಯ ಹೊರಗೆ ಜನರ ನಡುವೆ ಮಾಡುವ ಕೆಲಸದ ಅಭ್ಯಾಸಕ್ಕೆ, ಎಲ್ಲೆಲ್ಲಿಗೆ ಕಳಿಸುತ್ತೀರಿ. ಕೆಲವೆಡೆ ಸಮುದಾಯ ಅಭಿವೃದ್ಧಿ, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ, ಮಾನವ ಸಂಪನ್ಮೂಲ ಎಂದು ದಾರಿ ಕವಲೊಡೆಯುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆಸೆಯಿಂದ ಹೋದವರು ಮಾನವ ಸಂಪನ್ಮೂಲ ಮಾತ್ರ ಇರುವ ಕಡೆ ಸೇರಿಬಿಟ್ಟರೆ ಎರಡು ವರ್ಷ ಕೊರಗಬೇಕಾಗುತ್ತದೆ.

ಕೆಲಸ ಬಿಡಲು ಸಾಧ್ಯವೇ ಇಲ್ಲ ಎನ್ನುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೊ) ದೂರಶಿಕ್ಷಣದ ಎಂ.ಎಸ್.ಡಬ್ಲ್ಯು ಇದೆ, ಅದರಲ್ಲೂ ಕ್ಷೇತ್ರಕಾರ್ಯ ಕಡ್ಡಾಯ. ನಿಯತ ಕೋರ್ಸಿಗೆ ಸೇರುವುದಾದರೆ ಹಗಲಿನ ಪೂರ್ಣಾವಧಿ ನೌಕರಿಯನ್ನು ಜತೆಗಿಟ್ಟುಕೊಳ್ಳಲು ಆಗುವುದಿಲ್ಲ. ಹಾಜರಾತಿ ಸಾಮಾನ್ಯವಾಗಿ ಶೇ 75 ಬೇಕು. ನಾನು ವೇತನರಹಿತ ರಜೆ ಕೇಳಿದೆ, ಸಿಗಲಿಲ್ಲ, ರಾಜೀನಾಮೆ ಕೊಟ್ಟೆ.

ಕಾಗದಪತ್ರ

ದೊಡ್ಡವರು ಮುಗ್ಗರಿಸುವುದು ಇಲ್ಲಿ. ಅಂಕಪಟ್ಟಿಗಳು, ಘಟಿಕೋತ್ಸವದ ಪ್ರಮಾಣಪತ್ರ, ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾಲಯದಿಂದ ಬರುತ್ತಿದ್ದರೆ ವಲಸೆ ಪ್ರಮಾಣಪತ್ರ, ನಡುವಿನ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂಬುದಕ್ಕೆ ಕೆಲವೆಡೆ ನೋಟರಿ ಮಾಡಿಸಿದ ಅಫಿಡವಿಟ್. ನಾನು ಓದಿದ ಕಾಲೇಜಿನಲ್ಲಿ ನನ್ನ ವರ್ಗಾವಣೆ ಪತ್ರ ಎಂದೋ ಕೊಟ್ಟಾಗಿದೆ ಎಂದರು. ನನ್ನ ಬಳಿ ಅದು ಇರಲಿಲ್ಲ. ನಕಲು ಪ್ರತಿಗಾಗಿ ಅರ್ಜಿ, ಪೊಲೀಸ್ ಠಾಣೆಯಲ್ಲಿ ಕಳೆದುಹೋದ ದೂರು, ನೋಟರಿ ಎಂದು ನಾಲ್ಕು ಬಾರಿ ಬಸ್ಸಿನಲ್ಲಿ ಓಡಾಡಿದೆ, ಐದು ವಾರ ಹಿಡಿಯಿತು. ಮದುವೆಯ ನಂತರ ಹೆಸರೋ ಇನಿಷಿಯಲ್ಲೋ ಬದಲಾಗಿದ್ದರೆ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಪುಸ್ತಕ ಮೂರನ್ನೂ ಒಟ್ಟಿಗೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಈ ಕೆಲಸವನ್ನು ಜನವರಿಯಲ್ಲೇ ಶುರು ಮಾಡಿ. ಪ್ರವೇಶ ಪ್ರಕಟಣೆ ಬಂದ ಮೇಲೆ ಸಮಯ ಸಾಲುವುದಿಲ್ಲ.

ವಿದ್ಯಾರ್ಥಿವೇತನಕ್ಕೆ ಅರ್ಹರಾದವರು ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಅದರ ಮೇಲಿನ ಆರ್.ಡಿ. ಸಂಖ್ಯೆ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ. ಸಾಲ ಬೇಕಾದವರಿಗೆ ವಿದ್ಯಾಲಕ್ಷ್ಮಿ ಜಾಲತಾಣವಿದೆ. ಬಹಳ ಸಂಸ್ಥೆಗಳಲ್ಲಿ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಒಪ್ಪುತ್ತಾರೆ, ಕೇಳಿದವರಿಗೆ ಮಾತ್ರ. ಕೇಳಲು ನಾಚಬೇಡಿ.

ಸಂದರ್ಶನ, ಮತ್ತು ಧರ್ಮದ ಪ್ರಶ್ನೆ

ಸಂದರ್ಶನದಲ್ಲಿ ‘ಈ ವಯಸ್ಸಿನಲ್ಲಿ ಏಕೆ?’ ಎಂದು ಕೇಳಿಯೇ ಕೇಳುತ್ತಾರೆ. ಬಡವರಿಗೆ ಸಹಾಯ ಮಾಡಬೇಕೆಂದು ಆಸೆ ಎಂದರೆ ಆ ಉತ್ತರವನ್ನು ಅವರು ಅಂದು ಬೆಳಿಗ್ಗೆಯಿಂದ ಮೂವತ್ತು ಬಾರಿ ಕೇಳಿರುತ್ತಾರೆ. ನೀವು ಕಂಡ ಒಂದು ಸಂಗತಿಯನ್ನು ಹೇಳಿ. ನಾನು ಸಂಘದಲ್ಲಿ ಸಾಲ ಪಡೆದ ಹೆಂಗಸರ ಸಹಿಯನ್ನು ನೋಡುತ್ತಿದ್ದ ಕಥೆ ಹೇಳಿದೆ: ಸಹಿ ಅವರದು, ಹಣ ಗಂಡನ ಕೈಗೆ, ಕಂತಿನ ದಿನ ಮತ್ತೆ ಬಾಗಿಲಲ್ಲಿ ನಿಲ್ಲುವವರು ಅವರೇ. ಇದನ್ನು ಲೆಕ್ಕದ ಪುಸ್ತಕದಲ್ಲಿ ಯಾವ ಕಲಂನಲ್ಲಿ ಬರೆಯಬೇಕೆಂದು ನನಗೆ ಗೊತ್ತಾಗುತ್ತಿರಲಿಲ್ಲ ಎಂದೆ.

ಕ್ರೈಸ್ತ ಸಂಸ್ಥೆ ಎಂದಾಗ ಮನೆಯಲ್ಲಿ ಏಳುವ ಪ್ರಶ್ನೆಯನ್ನೂ ಹೇಳಿಬಿಡುತ್ತೇನೆ. ನನ್ನ ಅತ್ತೆಯವರಿಗೂ ಆ ಆತಂಕ ಇತ್ತು. ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿಯದು. ಅವರ ಸಮುದಾಯಕ್ಕೆ ಕೆಲವು ಸೀಟು ಮೀಸಲಿರುತ್ತವೆ, ಉಳಿದವು ಎಲ್ಲರಿಗೂ. ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸುವಂತಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ನನ್ನ ತರಗತಿಯಲ್ಲಿ ಬುರ್ಖಾ ತೊಟ್ಟವರಿದ್ದರು, ಜನಿವಾರದವರಿದ್ದರು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎದ್ದು ನಿಲ್ಲುತ್ತಿದ್ದೆವು, ಅಷ್ಟೇ. ಮೌಲ್ಯ ಶಿಕ್ಷಣದ ತರಗತಿಯಲ್ಲಿ ಬೈಬಲ್ಲಿನ ಸಮಾರಿಯದವನ ಕಥೆ ಬಂದಾಗ ಫಾದರ್ ಕೇಳಿದ್ದು, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಮೊದಲು ಕಂಡೂ ಹಾದುಹೋದ ಇಬ್ಬರು ಏಕೆ ನಿಲ್ಲಲಿಲ್ಲ ಎಂದು. ಗಂಟೆ ಹೊಡೆದ ಮೇಲೂ ಚರ್ಚೆ ನಡೆಯಿತು. ಅತ್ತೆಯವರಿಗೆ ಆ ಕಥೆ ಹೇಳಿದೆ. ಆಮೇಲೆ ಅವರು ಆ ಪ್ರಶ್ನೆ ಎತ್ತಲಿಲ್ಲ.

ತರಗತಿಯ ಮೊದಲ ತಿಂಗಳು

ಸಹಪಾಠಿಗಳು ಮೊದಲ ದಿನ ‘ಆಂಟಿ’ ಎನ್ನುತ್ತಾರೆ, ಎರಡು ವಾರದಲ್ಲಿ ‘ಅಕ್ಕ’ ಆಗುತ್ತೀರಿ. ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದವರು ಹೆದರುವ ಅಗತ್ಯವಿಲ್ಲ, ಆದರೆ ದಿನಕ್ಕೆ ನಾಲ್ಕು ಪುಟ ಓದುವ ಅಭ್ಯಾಸವನ್ನು ಸೇರುವುದಕ್ಕೆ ಆರು ತಿಂಗಳ ಮೊದಲೇ ಹಚ್ಚಿಕೊಳ್ಳಿ. ಕ್ಷೇತ್ರಕ್ಕೆ ಹೋದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಹುಡುಗ ಹುಡುಗಿಯರು ಅಂಗಳದಲ್ಲಿ ನಿಂತು ಏನು ಮಾತಾಡಬೇಕೆಂದು ತಿಳಿಯದೆ ನಮ್ಮ ಮುಖ ನೋಡುತ್ತಾರೆ.

ಕ್ಷೇತ್ರಕಾರ್ಯ: ಇಲ್ಲಿ ನಿಧಾನಿಸಿ

ವಾರಕ್ಕೆ ಎರಡು ದಿನ, ಎರಡು ವರ್ಷವೂ. ಆಸ್ಪತ್ರೆ, ಬಾಲಮಂದಿರ, ವೃದ್ಧಾಶ್ರಮ, ಕಾರ್ಖಾನೆ, ಕೊಳೆಗೇರಿ, ಎಲ್ಲಿಗಾದರೂ ಕಳಿಸಬಹುದು. ಪ್ರತಿ ಭೇಟಿಯನ್ನೂ ವರದಿಯಾಗಿ ಬರೆದು ಮಾರ್ಗದರ್ಶಕರಿಗೆ ಒಪ್ಪಿಸಬೇಕು. ಅವರು ವಾರಕ್ಕೊಮ್ಮೆ ಎದುರು ಕೂರಿಸಿಕೊಂಡು ಅದನ್ನು ಚರ್ಚಿಸುತ್ತಾರೆ. ಪರೀಕ್ಷೆಯನ್ನು ಹೇಗೋ ದಾಟಬಹುದು. ದೊಡ್ಡವರಿಗೆ ನಿಜವಾದ ಕಷ್ಟ ಇದು, ಏಕೆಂದರೆ ನಮಗೆ ಎಲ್ಲವೂ ಗೊತ್ತಿದೆ ಎಂಬ ಭಾವನೆಯನ್ನು ಹೊತ್ತುಕೊಂಡೇ ಹೋಗಿರುತ್ತೇವೆ.

ನನ್ನನ್ನು ನಗರದ ಅಂಚಿನ ಕಟ್ಟಡ ಕಾರ್ಮಿಕರ ಬಿಡಾರಕ್ಕೆ ಹಾಕಿದ್ದರು. ಕೊಪ್ಪಳದ ಕಡೆಯಿಂದ ಬಂದಿದ್ದ ತಾಯಿಯೊಬ್ಬಳ ಒಂಬತ್ತು ವರ್ಷದ ಮಗಳು ಶಾಲೆಗೆ ಹೋಗದೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಓಡಾಡುತ್ತಿದ್ದಳು. ನಾನು ಅರ್ಧ ಗಂಟೆ ನಿಂತು ಬಿಸಿಯೂಟ, ಉಚಿತ ಪುಸ್ತಕ, ಸಮವಸ್ತ್ರ, ಹೆಣ್ಣುಮಕ್ಕಳ ಓದು ಎಲ್ಲವನ್ನೂ ವಿವರಿಸಿದೆ. ರಾತ್ರಿ ಮೂರು ಪುಟದ ವರದಿ ಬರೆದೆ, ಚೆನ್ನಾಗಿ ಬಂದಿದೆ ಎನಿಸಿತು. ನನಗಿಂತ ಎಂಟು ವರ್ಷ ಚಿಕ್ಕವರಾದ ಮಾರ್ಗದರ್ಶಕಿ ಅದನ್ನು ಓದಿ, ಪೆನ್ಸಿಲಿನಿಂದ ‘ನಾನು ಹೇಳಿದೆ’ ಎಂಬ ಪದಗಳಿಗೆಲ್ಲ ಸುತ್ತು ಹಾಕಿದರು. ಹದಿನಾಲ್ಕು ಇದ್ದವು. ಆ ತಾಯಿಯ ಮಾತು ಇಡೀ ವರದಿಯಲ್ಲಿ ಎರಡು: ‘ಹೂಂ’, ‘ಆಗಲಿ’. ಅಂಚಿನಲ್ಲಿ ಒಂದು ಸಾಲು ಬರೆದಿದ್ದರು: ‘ಈಕೆ ಏನು ಹೇಳಿದರು?’

ಮುಂದಿನ ವಾರ ಹೋದಾಗ ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕುಳಿತು ನಾನೂ ಕಲ್ಲು ಆರಿಸತೊಡಗಿದೆ. ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಎಂದು ಆ ಇಪ್ಪತ್ತು ನಿಮಿಷದಲ್ಲಿ ತಿಳಿಯಿತು. ಮೊರ ಅರ್ಧ ಖಾಲಿಯಾದಾಗ ಅವಳೇ ಹೇಳಿದಳು: ಮಗಳನ್ನು ಸೇರಿಸಲು ಎರಡು ಸಲ ಶಾಲೆಗೆ ಹೋಗಿದ್ದಳು, ಎರಡು ದಿನದ ಕೂಲಿ ಹೋಯಿತು, ಊರಿನ ಶಾಲೆಯ ವರ್ಗಾವಣೆ ಪತ್ರ ತನ್ನಿ ಎಂದು ಕಳಿಸಿದ್ದರು. ಊರಿಗೆ ಹೋಗಿ ಬರಲು ಹಣವಿರಲಿಲ್ಲ. ತಮ್ಮನನ್ನು ನೋಡಿಕೊಳ್ಳುವುದು ಕಾರಣವೇ ಅಲ್ಲ. ಮಗಳು ಹೇಗೂ ಮನೆಯಲ್ಲಿದ್ದಾಳೆಂದು ಮಗು ಅವಳ ಸೊಂಟ ಏರಿತ್ತು.

ಒಂದು ವರ್ಗಾವಣೆ ಪತ್ರಕ್ಕಾಗಿ ಐದು ವಾರ ಅಲೆದವಳು ನಾನು. ಆದರೂ ಅವಳನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ಆ ಪತ್ರ ತಡವಾಯಿತೆಂದು ಮಗುವಿನ ಪ್ರವೇಶವನ್ನು ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಅದನ್ನು ತರಗತಿಯಲ್ಲಿ ಓದಿದ್ದೆವು. ಕಾಯ್ದೆಯ ಪ್ರತಿ ಹಿಡಿದು ಅವಳ ಜತೆ ಶಾಲೆಗೆ ಹೋದೆ, ಮಾತಾಡಿದ್ದು ಅವಳೇ. ಮಗಳಿಗೆ ಸೀಟು ಸಿಕ್ಕಿತು.

ಹಾಗಾಗಿ ನನ್ನ ಒತ್ತಾಯ ಇಷ್ಟು: ಮೊದಲ ಸೆಮಿಸ್ಟರಿನಲ್ಲಿ ವರದಿ ಬರೆದ ಮೇಲೆ ನೀವೇ ಪೆನ್ಸಿಲು ಹಿಡಿದು ನಿಮ್ಮ ಮಾತೆಷ್ಟು, ಅವರ ಮಾತೆಷ್ಟು ಎಂದು ಎಣಿಸಿ. ಮತ್ತು ವರದಿಯನ್ನು ಅಂದೇ ರಾತ್ರಿ ಬರೆಯಿರಿ, ಮರುದಿನಕ್ಕೆ ಅವರ ಮಾತು ನಿಮ್ಮ ಮಾತಾಗಿ ಮಾರ್ಪಟ್ಟಿರುತ್ತದೆ.

ಮನೆಯವರ ಜತೆ ಮೊದಲೇ ಮಾತಾಡಬೇಕಾದದ್ದು

ವಾರಪೂರ್ತಿ ಹಳ್ಳಿಯಲ್ಲಿ ಉಳಿಯುವ ಗ್ರಾಮೀಣ ಶಿಬಿರ ಇರುತ್ತದೆ, ಶಾಲೆಯ ನೆಲದ ಮೇಲೆ ಮಲಗಬೇಕಾಗಬಹುದು. ಬೆನ್ನುನೋವು ಇರುವವರು ಅದನ್ನು ಮೊದಲೇ ಹೇಳಿ. ಕೊನೆಯಲ್ಲಿ ಸುಮಾರು ಒಂದು ತಿಂಗಳು ಯಾವುದಾದರೂ ಸಂಸ್ಥೆಯಲ್ಲಿ ಪೂರ್ಣಾವಧಿ ತರಬೇತಿ, ಬೇರೆ ಊರಿನಲ್ಲೂ ಆಗಬಹುದು. ಇವೆರಡರ ದಿನಾಂಕವನ್ನು ವರ್ಷದ ಆರಂಭದಲ್ಲೇ ಕೇಳಿ ತಿಳಿದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನಗಳಲ್ಲಿ ಅಡುಗೆ, ಮಕ್ಕಳ ಶಾಲೆ, ಹಿರಿಯರ ಮಾತ್ರೆ ಯಾರ ಜವಾಬ್ದಾರಿ ಎಂಬುದನ್ನು ಹೆಸರು ಸಮೇತ ಬರೆದಿಡಿ. ‘ಹೇಗೋ ಆಗುತ್ತದೆ’ ಎಂದುಕೊಂಡರೆ ಎಲ್ಲ ನಿಮ್ಮ ತಲೆಗೇ ಬರುತ್ತದೆ.

ಓದಿದ ಮೇಲೆ

ಆಸ್ಪತ್ರೆಗಳ ವೈದ್ಯಕೀಯ ಸಮಾಜ ಕಾರ್ಯಕರ್ತರು, ಸ್ವಯಂಸೇವಾ ಸಂಸ್ಥೆಗಳು, ಆಪ್ತಸಮಾಲೋಚನೆ, ಮಕ್ಕಳ ರಕ್ಷಣಾ ಘಟಕಗಳು, ಕಾರ್ಖಾನೆಗಳ ಕಲ್ಯಾಣಾಧಿಕಾರಿ ಹುದ್ದೆ, ಹೀಗೆ ದಾರಿಗಳಿವೆ. ಸರ್ಕಾರಿ ನೇಮಕಾತಿಯ ವಯೋಮಿತಿ ನಮ್ಮಂಥವರಿಗೆ ಅಡ್ಡ ಬರುತ್ತದೆ, ಇದನ್ನು ತಿಳಿದೇ ಸೇರಬೇಕು. ವಯಸ್ಸು ನಮ್ಮ ಪರವಾಗಿ ನಿಲ್ಲುವ ಜಾಗವೂ ಒಂದಿದೆ. 2015ರ ಬಾಲನ್ಯಾಯ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ, ರಕ್ಷಣೆ ಬೇಕಾದ ಮಕ್ಕಳ ವಿಷಯವನ್ನು ನಿರ್ಧರಿಸುವ ಮಕ್ಕಳ ಕಲ್ಯಾಣ ಸಮಿತಿ ಇರುತ್ತದೆ. ಕೇಂದ್ರದ 2016ರ ಮಾದರಿ ನಿಯಮಗಳು ಅದರ ಸದಸ್ಯರಿಗೆ 35 ವರ್ಷ ದಾಟಿರಬೇಕೆಂದೂ ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷದ ಅನುಭವ ಬೇಕೆಂದೂ ಹೇಳಿದವು. ಅಂಗನವಾಡಿ, ಶಾಲೆ, ಬಾಲಮಂದಿರಗಳಲ್ಲಿ ಈಗ ದುಡಿಯುತ್ತಿರುವವರು ಕೆಲಸ ಬಿಡುವ ಮುನ್ನ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಕೆಲಸ ಎಂದು ಬರೆದು ಮೊಹರು ಹಾಕಿದ ಅನುಭವ ಪತ್ರ ಪಡೆದುಕೊಳ್ಳಿ. ಎರಡು ಪ್ರತಿ ಮಾಡಿಸಿ, ಒಂದನ್ನು ವರ್ಗಾವಣೆ ಪತ್ರದ ಜತೆ ಅದೇ ಫೈಲಿನಲ್ಲಿ ಇಡಿ.