ಹಳೆಯ 407 ಮೋಟರ್‌ಹೋಮ್‌ಗೆ ಟಯರ್: ಎರಡು ವರ್ಷಕ್ಕೊಂದು ಜೋಡಿ ಸಾಕು

ನನ್ನ ಟಾಟಾ 407 ಮೋಟರ್‌ಹೋಮ್‌ಗೆ (ಒಳಗೆ ಮನೆಯಂತೆ ಸಜ್ಜು ಮಾಡಿದ ಗಾಡಿ) ಆರೂ ಟಯರ್ ಒಟ್ಟಿಗೆ ಬದಲಿಸುವುದು ಬೇಡ, ಎರಡು ವರ್ಷಕ್ಕೊಮ್ಮೆ ಎರಡೇ ಹೊಸತು ತಂದು ಮುಂದೆ ಹಾಕಿ, ಮುಂದಿನದ್ದನ್ನು ಹಿಂದಕ್ಕೆ ಕಳಿಸುತ್ತಾ ಹೋದರೆ ಸಾಕು ಎಂದಾಗ ಮಂಗಳೂರಿನಿಂದ ಉಡುಪಿಯವರೆಗೆ ನಾನು ಕೇಳಿದ ಯಾವ ಗ್ಯಾರೇಜಿನವರೂ ಒಪ್ಪಲಿಲ್ಲ. ಹಿಂದಿನ ಎಡ-ಬಲ ಟಯರ್ ಬೇರೆ ಬೇರೆ ವಯಸ್ಸಿನದ್ದಾದರೆ ಕ್ರೌನ್ ಪಿನಿಯನ್ (ಹಿಂದಿನ ಚಕ್ರಗಳನ್ನು ತಿರುಗಿಸುವ ಗೇರಿನ ಜೋಡಿ) ಹೋಗುತ್ತದೆ ಎಂದರು. ವರ್ಷಕ್ಕೆ ಏಳೆಂಟು ಸಾವಿರ ಕಿ.ಮೀ. ಓಡುವ ಗಾಡಿಗೆ ರಿಸೋಲ್ (ಸವೆದ ಟಯರಿನ ಮೇಲೆ ಹೊಸ ರಬ್ಬರ್ ಪಟ್ಟಿ ಅಂಟಿಸಿದ್ದು) ಧಾರಾಳ ಎಂದರು. 2019ರಲ್ಲಿ ಶುರುಮಾಡಿದ ಆ ಸುತ್ತು 2025ರಲ್ಲಿ ಪೂರ್ತಿಯಾಯಿತು. ಕ್ರೌನ್ ಪಿನಿಯನ್ ಸದ್ದಿಲ್ಲದೆ ಓಡುತ್ತಿದೆ, ಈ ಕ್ರಮಕ್ಕೆ ಬಂದಮೇಲೆ ದಾರಿಯಲ್ಲಿ ಒಂದೂ ಟಯರ್ ಒಡೆದಿಲ್ಲ, ಮುಂದಿನ ಚಕ್ರದಲ್ಲಿ ಎರಡು ವರ್ಷ ದಾಟಿದ ಟಯರ್ ಇದ್ದದ್ದೇ ಇಲ್ಲ.

ಗಾಡಿ ಟಾಟಾ 407 ಮಿನಿಬಸ್ ಚಾಸಿಸ್. ಅಳತೆ 7.50 ಆರ್ 16, ಟ್ಯೂಬ್ ಟೈಪ್, ಹಿಂದೆ ಡಬಲ್, ಅಂದರೆ ಒಂದೊಂದು ಬದಿಗೆ ಎರಡೆರಡು ಟಯರ್. 407 ರಸ್ತೆಗಿಳಿದದ್ದು 1986ರಲ್ಲಿ. ಅದರಿಂದಾಗಿ ಈ ಅಳತೆ ಬೈಂದೂರಿನಿಂದ ಬೀದರ್‌ವರೆಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಇದನ್ನು ಬಿಟ್ಟು ಬೇರೆ ಅಳತೆಗೆ ಹೋಗಬೇಕೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 17.5 ಇಂಚಿನ ಟ್ಯೂಬ್‌ಲೆಸ್‌ಗೆ ಬದಲಿಸುವ ಲೆಕ್ಕವನ್ನೂ ಹಾಕಿ ನೋಡಿದ್ದೇನೆ. 215/75 ಆರ್ 17.5ರ ವ್ಯಾಸ 767 ಮಿ.ಮೀ., ನಮ್ಮದು 800ಕ್ಕೆ ಸ್ವಲ್ಪ ಮೇಲೆ. ಟಾಪ್ ಗೇರಿನಲ್ಲಿ ಇಂಜಿನ್ ಶೇ. 5ರಷ್ಟು ಹೆಚ್ಚು ಸುತ್ತಬೇಕು, ಸ್ಪೀಡೋಮೀಟರ್ ಅಷ್ಟೇ ಸುಳ್ಳು ಹೇಳುತ್ತದೆ, ಆರೇಳು ಡಿಸ್ಕ್ (ಟಯರ್ ಕೂರುವ ಲೋಹದ ಚಕ್ರ) ಹೊಸದಾಗಿ ಬೇಕು. ಆ ದುಡ್ಡಿಗೆ ನನಗೆ ನಾಲ್ಕು ವರ್ಷದ ಟಯರ್ ಬರುತ್ತದೆ.

ಅಂಗಡಿಗೆ ಹೋಗುವ ಮೊದಲು ತೂಕ. ಬೈಕಂಪಾಡಿಯಲ್ಲಿ ಬಂದರಿನ ಲಾರಿಗಳಿಗಾಗಿ ವೇಬ್ರಿಡ್ಜ್‌ಗಳಿವೆ, ನೂರು-ನೂರೈವತ್ತು ರೂಪಾಯಿಗೆ ಚೀಟಿ ಕೊಡುತ್ತಾರೆ. ನೀರಿನ ಟ್ಯಾಂಕ್, ಡೀಸೆಲ್, ಗ್ಯಾಸ್ ಎಲ್ಲ ತುಂಬಿಸಿ, ಕೂರುವ ಜನರನ್ನೂ ಕೂರಿಸಿ ಹೋಗಬೇಕು. ಮೊದಲು ಮುಂದಿನ ಆಕ್ಸಲ್ ಮಾತ್ರ, ಆಮೇಲೆ ಹಿಂದಿನದು. ನಂತರ ಎಡ ಚಕ್ರಗಳು ತಟ್ಟೆಯ ಮೇಲೆ, ಬಲದವು ಹೊರಗೆ ಇರುವಂತೆ ನಿಲ್ಲಿಸಿ ಅದೇ ಎರಡು ತೂಕ. ಹೊರಗಿನ ನೆಲವೂ ತಟ್ಟೆಯೂ ಒಂದೇ ಮಟ್ಟದಲ್ಲಿಲ್ಲದಿದ್ದರೆ ಈ ಬದಿಯ ತೂಕ ನಂಬುವಂತಿಲ್ಲ. ನನ್ನದು ಮುಂದೆ 1,900 ಕೆ.ಜಿ. ಆಸುಪಾಸು, ಹಿಂದೆ 3,400ರ ಹತ್ತಿರ ಬಂತು. ಅಡುಗೆ ಕಟ್ಟೆ, ನೀರಿನ ಟ್ಯಾಂಕ್, ಬ್ಯಾಟರಿ ಮೂರೂ ಎಡಕ್ಕೇ ಇದ್ದುದರಿಂದ ಎಡ ಬದಿ ಇನ್ನೂರಕ್ಕಿಂತ ಹೆಚ್ಚು ಕೆ.ಜಿ. ಭಾರ. ಎಡ ಹಿಂದಿನ ಜೋಡಿ ಬೇಗ ಬಿಸಿಯಾಗುತ್ತಿದ್ದುದಕ್ಕೆ ಕಾರಣ ಅಲ್ಲೇ ಇತ್ತು. ಬ್ಯಾಟರಿಗಳನ್ನು ಬಲಕ್ಕೆ ಸಾಗಿಸಿದ್ದಕ್ಕೆ ಕೇಬಲ್ ಖರ್ಚು ಎರಡು ಸಾವಿರದೊಳಗೆ.

ಈ ತೂಕ ಕೈಯಲ್ಲಿದ್ದರೆ ಅಂಗಡಿಯವರ ಅರ್ಧ ಮಾತು ತಾನಾಗಿ ನಿಲ್ಲುತ್ತದೆ. ಸೈಡ್‌ವಾಲ್ (ಟಯರಿನ ಪಕ್ಕದ ಮೈ) ಮೇಲೆ 122/118 ಎಂದಿದ್ದರೆ ಒಂಟಿ ಚಕ್ರಕ್ಕೆ 1,500 ಕೆ.ಜಿ., ಡಬಲ್‌ನಲ್ಲಿ ತಲಾ 1,320. ನನ್ನ ಅತಿ ಭಾರದ ಮೂಲೆಯಲ್ಲೂ ಮುಂದೆ ಸಾವಿರ, ಹಿಂದೆ ಒಂದು ಟಯರಿಗೆ 925 ದಾಟುವುದಿಲ್ಲ. ಇದಕ್ಕಿಂತ ಗಟ್ಟಿ ಪ್ಲೈ (ಟಯರಿನ ಒಳಪದರ) ಬೇಕು ಎಂದು ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಗಾಳಿಯೂ ಹಾಗೆಯೇ. ನೂರು ಪಿಎಸ್‌ಐ ತುಂಬಿಸಿ ಕಳಿಸುವುದು ಲಾರಿಯವರ ಅಭ್ಯಾಸ. ಅಷ್ಟು ಗಾಳಿಯಲ್ಲಿ ಮೋಟರ್‌ಹೋಮ್‌ನ ಕಪಾಟಿನ ಹಿಂಜ್ ಸಡಿಲವಾಗುತ್ತದೆ, ಟಯರ್ ನಡುವೆ ಮಾತ್ರ ಸವೆಯುತ್ತದೆ, ಮಳೆಯಲ್ಲಿ ಹಿಡಿತ ಕಡಿಮೆ. ಟಯರ್ ಕಂಪನಿಯ ತೂಕ-ಗಾಳಿ ಪಟ್ಟಿ ನೋಡಿ, ಅದರ ಮೇಲೆ ಐದು ಪಿಎಸ್‌ಐ ಸೇರಿಸಿ ಮುಂದೆ-ಹಿಂದೆ ಎರಡಕ್ಕೂ 70ರ ಹತ್ತಿರ ಇಟ್ಟಿದ್ದೇನೆ. ಇದು ನನ್ನ ತೂಕದ ಲೆಕ್ಕ. ತೂಕ ಹಾಕಿಸದೆ ಇದೇ ಅಂಕಿ ತುಂಬಿಸಬೇಡಿ.

ನೈಲಾನ್ (ಒಳಗೆ ನೈಲಾನ್ ಎಳೆಗಳನ್ನು ಓರೆಯಾಗಿ ಹಾಕಿದ ಹಳೆ ಬಗೆಯ ಟಯರ್), ರಿಸೋಲ್ ಎರಡೂ ಈ ಗಾಡಿಯಲ್ಲಿ ಸೋತಿವೆ, ಕಾರಣ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಹೆಚ್ಚಾಗಿ ನಿಂತೇ ಇರುತ್ತದೆ. ನಿಂತಲ್ಲೇ ನೈಲಾನ್ ಟಯರಿನ ಅಡಿ ಚಪ್ಪಟೆಯಾಗಿ, ಹೊರಟ ಮೇಲೆ ಹತ್ತಿಪ್ಪತ್ತು ಕಿ.ಮೀ.ವರೆಗೆ ಸ್ಟೀರಿಂಗ್ ಕುಣಿಯುತ್ತದೆ. ಬೆಲೆಯಲ್ಲಿ ಉಳಿಯುವುದು ಟಯರಿಗೆ ಸಾವಿರ-ಸಾವಿರದೈನೂರು, ಅಷ್ಟೇ. ರಿಸೋಲ್‌ನಲ್ಲಿ ಸೋತದ್ದು ಹೊಸ ರಬ್ಬರ್ ಅಲ್ಲ, ಅದರ ಕೆಳಗಿನ ಕೇಸಿಂಗ್, ಅಂದರೆ ಟಯರಿನ ಹಳೆಯ ಒಡಲು. ಲಾರಿಯ ಟಯರ್ ಒಂದೆರಡು ವರ್ಷದಲ್ಲಿ ಬಟನ್ (ರಸ್ತೆಗೆ ತಾಗುವ ಗೀರಿನ ರಬ್ಬರ್) ಸವೆದು ರಿಸೋಲ್‌ಗೆ ಬರುತ್ತದೆ, ಆಗ ಕೇಸಿಂಗ್ ಇನ್ನೂ ಎಳೆಯದು. ಮೋಟರ್‌ಹೋಮ್ ಟಯರಿನ ಬಟನ್ ಸವೆಯುವ ಹೊತ್ತಿಗೆ ಕೇಸಿಂಗ್‌ಗೆ ಎಂಟು-ಒಂಬತ್ತು ವರ್ಷ. ಅದರ ಮೇಲೆ ಪಟ್ಟಿ ಅಂಟಿಸಿದರೆ ಏಪ್ರಿಲ್-ಮೇ ಬಿಸಿಲಿನಲ್ಲಿ ಒಳಗಿನಿಂದ ಬಿಡುತ್ತದೆ. ನನ್ನ ಗಾಡಿಯಲ್ಲಿ ಪಡುಬಿದ್ರೆ ದಾಟಿದ ಮೇಲೆ ಕಿತ್ತುಬಂದ ಪಟ್ಟಿ ಹೊಲಸು ನೀರಿನ ಪೈಪನ್ನೂ ಚಕ್ರದ ಮೇಲಿನ ಪೆಟ್ಟಿಗೆಯನ್ನೂ ಹೊಡೆದು ಹಾಕಿತು. ರಿಸೋಲ್‌ನಲ್ಲಿ ಉಳಿಸಿದ್ದಕ್ಕಿಂತ ಆ ರಿಪೇರಿಗೆ ಹೆಚ್ಚು ಹೋಯಿತು, ಹದಿನೈದು ಸಾವಿರದ ಹತ್ತಿರ. ಆಗ ಅಗ್ಗಕ್ಕೆ ಸಿಗುತ್ತಿದ್ದ ಚೀನಾ ರೇಡಿಯಲ್ (ಒಳಗಿನ ಎಳೆಗಳು ಓರೆಯಾಗಿರದೆ ನೇರ ಅಡ್ಡಕ್ಕೆ ಹಾಯುವ ಟಯರ್) ದಾರಿಯೂ 2020ರ ಜೂನ್‌ನಲ್ಲಿ ಆಮದು ನಿರ್ಬಂಧ ಬಂದಮೇಲೆ ಹೆಚ್ಚುಕಡಿಮೆ ಮುಚ್ಚಿತು. ಕಳೆದುಕೊಂಡದ್ದೇನೂ ಇಲ್ಲ.

ಹಾಗಾಗಿ ಉಳಿದದ್ದು ಇಲ್ಲಿಯದೇ ಬ್ರಾಂಡಿನ ರೇಡಿಯಲ್. ಎಂಆರ್‌ಎಫ್, ಅಪೊಲೊ, ಜೆಕೆ, ಸಿಯೆಟ್ ಯಾವುದಾದರೂ ಸರಿ, ನನ್ನ ಓಟಕ್ಕೆ ಇವುಗಳ ನಡುವಿನ ವ್ಯತ್ಯಾಸ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಪ್ಯಾಟರ್ನ್ ಮತ್ತು ತಾರೀಕು. ಪ್ಯಾಟರ್ನ್ ಉದ್ದ ಗೀರಿನ ರಿಬ್ ಆಗಿರಬೇಕು, ಹಿಂದಿನ ಚಕ್ರಕ್ಕೆಂದು ಲಗ್ (ದಪ್ಪ ಅಡ್ಡ ಗೀರಿನದ್ದು) ತೆಗೆದುಕೊಳ್ಳಬಾರದು. ಇಂದು ಮುಂದೆ ಇರುವ ಟಯರ್ ನಾಳೆ ಹಿಂದೆ ಹೋಗಬೇಕಲ್ಲ, ಈ ಇಡೀ ಕ್ರಮ ನಿಂತಿರುವುದೇ ಅದರ ಮೇಲೆ. ಶಿರಾಡಿ, ಚಾರ್ಮಾಡಿ ಘಾಟಿಯ ಒದ್ದೆ ಡಾಂಬರಿನಲ್ಲಿ ರಿಬ್ ಚೆನ್ನಾಗಿಯೇ ಹಿಡಿಯುತ್ತದೆ. ಅದು ಕೈಕೊಡುವುದು ಕೆಂಪುಕಲ್ಲಿನ ಒದ್ದೆ ಮಣ್ಣಿನಲ್ಲಿ, ಹುಲ್ಲಿನ ಇಳಿಜಾರಿನಲ್ಲಿ. ಅದಕ್ಕೆ ತೆಂಗಿನ ನಾರಿನ ಚಾಪೆ, ಮರದ ಹಲಗೆ, ಹಳೆಯ ಕನ್ವೇಯರ್ ಬೆಲ್ಟ್ ಮೂರನ್ನೂ ಹಾಕಿ ನೋಡಿದೆ. ಚಾಪೆಯನ್ನು ಚಕ್ರ ಹಿಂದಕ್ಕೆ ಎಸೆಯುತ್ತದೆ, ಹಲಗೆ ಜಾರುತ್ತದೆ, ಮೀಟರ್ ಉದ್ದದ ಬೆಲ್ಟ್ ತುಂಡು ಎರಡಿದ್ದರೆ ಗಾಡಿ ಮೇಲೆ ಬರುತ್ತದೆ.

ತಾರೀಕು ಎಂದರೆ ಟಯರ್ ತಯಾರಾದ ವಾರ, ಟಯರಿನ ಪಕ್ಕದಲ್ಲಿ ಅಚ್ಚಾದ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ. 1425 ಎಂದರೆ 2025ರ 14ನೇ ವಾರ. ಕೆಲವು ಟಯರಿನಲ್ಲಿ ಇದು ಒಂದೇ ಬದಿಗೆ ಇರುತ್ತದೆ, ಹೊರಬದಿಯಲ್ಲಿ ಕಾಣದಿದ್ದರೆ ತಿರುಗಿಸಿ ನೋಡಿ. ಆರು ತಿಂಗಳು ದಾಟಿದ್ದನ್ನು ಪೂರ್ತಿ ಬೆಲೆಗೆ ಕೊಳ್ಳುವುದಿಲ್ಲ, ಒಂದು ವರ್ಷ ದಾಟಿದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಜೋಡಿಯ ಎರಡೂ ಟಯರ್ ಒಂದೇ ಮಾಡೆಲ್, ವಾರವೂ ಹತ್ತಿರದ್ದೇ ಆಗಿರಲಿ. ಐಎಸ್‌ಐ ಗುರುತಿನ ಬಳಿ ಐಎಸ್ 15636 ಇರಬೇಕು, ವಾಣಿಜ್ಯ ವಾಹನದ ಟಯರಿನ ಮಾನಕ ಅದು. ಕಾರಿನ ಶೋರೂಮ್ ಬಿಟ್ಟು ಲಾರಿ ಟಯರ್ ಅಂಗಡಿಗೇ ಹೋಗಿ, ಅಲ್ಲಿ ಈ ಅಳತೆ ವಾರ ವಾರ ಖರ್ಚಾಗುವುದರಿಂದ ಹಳೆ ಸ್ಟಾಕ್ ಉಳಿಯುವುದಿಲ್ಲ. ಯಾವ ತಿಂಗಳ ಯಾವ ವಾರದಲ್ಲಿ ಕೇಳಿದರೆ ದರ ಇಳಿಯುತ್ತದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಎಲ್ಲರೂ ಅದೇ ವಾರ ಹೋದರೆ ಇಳಿಯುವುದಿಲ್ಲ.

ಈಗ ಸುತ್ತಿನ ಕ್ರಮ. ಶುರುವಿಗೆ ಆರೂ ರೇಡಿಯಲ್ ಬೇಕು, ಇದರಲ್ಲಿ ಉಳಿತಾಯ ಮಾಡುವಂತಿಲ್ಲ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಇಟ್ಟರೆ ಒದ್ದೆ ತಿರುವಿನಲ್ಲಿ ಹಿಂಭಾಗ ಮೊದಲು ಜಾರುತ್ತದೆ. 2019ರಲ್ಲಿ ಟ್ಯೂಬ್, ಫ್ಲಾಪ್ (ಟ್ಯೂಬಿಗೂ ಡಿಸ್ಕಿಗೂ ನಡುವೆ ಹಾಕುವ ರಬ್ಬರ್ ಪಟ್ಟಿ) ಸೇರಿ ಒಂದಕ್ಕೆ ಒಂಬತ್ತು-ಹತ್ತು ಸಾವಿರ, ಒಟ್ಟು ಐವತ್ತೈದು ಸಾವಿರ ದಾಟಿತು. ಎರಡು ವರ್ಷಕ್ಕೆ ಮುಂದೆ ಹೊಸ ಜೋಡಿ, ಮುಂದಿದ್ದ ಜೋಡಿ ಎಡ ಹಿಂದಕ್ಕೆ, ಎಡ ಹಿಂದಿನ ಜೋಡಿ ಮಾರಾಟಕ್ಕೆ. ಎರಡು ವರ್ಷದ, ಬಟನ್ ಮುಕ್ಕಾಲು ಉಳಿದ ಟಯರಿಗೆ ಅರ್ಧ ಬೆಲೆ ಕೊಡುವ ಸರಕು ಗಾಡಿಯವರು ಇದ್ದೇ ಇರುತ್ತಾರೆ. ನಾಲ್ಕನೇ ವರ್ಷ ಮತ್ತೆ ಮುಂದೆ ಹೊಸತು, ಮುಂದಿದ್ದದ್ದು ಬಲ ಹಿಂದಕ್ಕೆ. ಆರನೇ ವರ್ಷ ಮತ್ತೆ ಎಡಕ್ಕೆ. ಅಲ್ಲಿಂದಾಚೆ ಪ್ರತಿ ಜೋಡಿಯೂ ಎರಡು ವರ್ಷ ಮುಂದೆ, ನಾಲ್ಕು ವರ್ಷ ಹಿಂದೆ, ಆರಕ್ಕೆ ಹೊರಗೆ.

ಜೋಡಿಯನ್ನು ಮಾತ್ರ ಒಡೆಯಬಾರದು. ಮುಂದಿನ ಎರಡೂ ಟಯರ್ ಒಂದೇ ಬದಿಯ ಒಳಗೆ-ಹೊರಗೆ ಹೋಗಬೇಕು. ಎಡಕ್ಕೊಂದು ಬಲಕ್ಕೊಂದು ಹಂಚಿ ಹಳೆಯದರ ಪಕ್ಕ ಕೂರಿಸಿದರೆ ದೊಡ್ಡ ವ್ಯಾಸದ್ದು ಭಾರವೆಲ್ಲ ಹೊರುತ್ತದೆ, ಸಣ್ಣದು ರಸ್ತೆಗೆ ಉಜ್ಜಿಕೊಂಡು ಸವೆಯುತ್ತದೆ. ಈ ಅಳತೆಗೆ ಜೊತೆ ಟಯರುಗಳ ವ್ಯಾಸದಲ್ಲಿ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ವ್ಯಾಸ ಅಳೆಯಲು ಕಷ್ಟ, ಸುತ್ತಳತೆ ಸುಲಭ. ಗಾಳಿ ತುಂಬಿಸಿ ಒಂದು ದಿನ ಬಿಟ್ಟು ನಡು ಗೀರಿನ ಮೇಲೆ ಸ್ಟೀಲ್ ಟೇಪ್ ಸುತ್ತಿ, ಎರಡರ ವ್ಯತ್ಯಾಸ 19 ಮಿ.ಮೀ. ಒಳಗಿದ್ದರೆ ಸರಿ.

ಕ್ರೌನ್ ಹೋಗುತ್ತದೆ ಎಂದವರಿಗೆ ಉತ್ತರ ಇಷ್ಟೇ. ಎರಡು ವರ್ಷದಲ್ಲಿ ನನ್ನ ಟಯರ್ ಸವೆಯುವುದು ಎರಡು ಮಿ.ಮೀ. ಹತ್ತಿರ, ಅಂದರೆ ವ್ಯಾಸದಲ್ಲಿ ನಾಲ್ಕು. 800ರಲ್ಲಿ ನಾಲ್ಕು ಎಂದರೆ ಸಾವಿರ ಸುತ್ತಿಗೆ ಐದು ಸುತ್ತು ಹೆಚ್ಚುಕಡಿಮೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ಇದಕ್ಕಿಂತ ಎಷ್ಟೋ ಹೆಚ್ಚು ದುಡಿಯುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಅದರ ಹೌಸಿಂಗ್‌ನ (ಹೊರ ಪೆಟ್ಟಿಗೆಯ) ಬಿಸಿಯನ್ನು ಈ ಕ್ರಮ ಶುರುಮಾಡುವ ಮೊದಲೂ ನಂತರವೂ ನೋಡಿದ್ದೇನೆ, ಎದ್ದು ಕಾಣುವ ವ್ಯತ್ಯಾಸವಿಲ್ಲ. ವರ್ಷಕ್ಕೆ ಮೂವತ್ತು-ನಲವತ್ತು ಸಾವಿರ ಕಿ.ಮೀ. ಓಡಿಸುವವರಿಗೆ ಈ ಕ್ರಮ ಹೊಂದುವುದಿಲ್ಲ, ಅವರ ಟಯರ್ ವಯಸ್ಸಾಗುವ ಮೊದಲೇ ಸವೆಯುತ್ತದೆ.

ಆರು ವರ್ಷದ ಲೆಕ್ಕದಲ್ಲಿ ಟಯರಿನ ಸಂಖ್ಯೆ ಒಟ್ಟಿಗೆ ಕೊಂಡಷ್ಟೇ. ವ್ಯತ್ಯಾಸ ಬೇರೆ ಕಡೆ ಇದೆ. ಒಮ್ಮೆಗೆ ಎಪ್ಪತ್ತು ಸಾವಿರ ಹೊಂದಿಸಲಾಗದೆ ಜನ ಒಂಬತ್ತು-ಹತ್ತು ವರ್ಷ ಎಳೆಯುತ್ತಾರೆ, ಆಮೇಲೆ ಹಾಸನದಾಚೆ ಎಲ್ಲೋ ಒಡೆದು ಕೇಳಿದ ಬೆಲೆಗೆ, ಸಿಕ್ಕಿದ ವರ್ಷದ್ದನ್ನು ಹಾಕಿಸುತ್ತಾರೆ. ನನಗೆ ಎರಡು ವರ್ಷಕ್ಕೆ ಇಪ್ಪತ್ತೆರಡು-ಇಪ್ಪತ್ಮೂರು ಸಾವಿರ, ನನ್ನ ಊರಿನಲ್ಲಿ, ನಾನು ಆರಿಸಿದ ದಿನ. 2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದರಿಂದ, ತೆರಿಗೆ ಸೇರಿ ಹನ್ನೆರಡು ಸಾವಿರ ಇದ್ದದ್ದು ಹನ್ನೊಂದರ ಹತ್ತಿರ ಬಂದಿರಬೇಕು. ಅಂಗಡಿಯವರು ಹಳೆ ದರವನ್ನೇ ಹೇಳಿದರೆ ಬಿಲ್ಲಿನ ತೆರಿಗೆ ಸಾಲು ತೋರಿಸಲು ಹೇಳಿ.

ಜೋಡಣೆಯಲ್ಲಿ ದುಡ್ಡು ಉಳಿಸಬೇಡಿ. ಹೊಸ ಟಯರಿಗೆ ಹೊಸ ಟ್ಯೂಬ್, ಹೊಸ ಫ್ಲಾಪ್, ಟ್ಯೂಬ್ ಮೇಲೆ ರೇಡಿಯಲ್ ಗುರುತು ಇರಲಿ. ಹಿಗ್ಗಿದ ಹಳೆ ಟ್ಯೂಬ್ ಒಳಗೆ ಮಡಚಿಕೊಂಡು ಅದೇ ಮಡಿಕೆಯಲ್ಲಿ ಸೀಳುತ್ತದೆ. ನಮ್ಮ ಉಪ್ಪು ಗಾಳಿಗೆ ಡಿಸ್ಕಿನ ಲಾಕ್ ರಿಂಗ್ (ಟಯರ್ ಕಳಚದಂತೆ ಹಿಡಿಯುವ ಉಕ್ಕಿನ ಬಳೆ) ಕೂರುವ ತೋಡು ತುಕ್ಕು ಹಿಡಿದಿರುತ್ತದೆ, ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ ಒಣಗಿಸಿಯೇ ಟಯರ್ ಹಾಕಬೇಕು. ಬಾಗಿದ ರಿಂಗ್ ತಟ್ಟಿ ಸರಿಮಾಡಿ ಹಾಕುವವರ ಅಂಗಡಿಯಿಂದ ಎದ್ದು ಬನ್ನಿ. ಗಾಳಿ ತುಂಬಿಸುವುದು ಪಂಜರದೊಳಗೆ ಅಥವಾ ಸರಪಳಿ ಸುತ್ತಿ. ಒತ್ತಡ ಇರುವಾಗ ರಿಂಗಿಗೆ ಸುತ್ತಿಗೆ ತಾಗಬಾರದು, ಹಾರಿದ ರಿಂಗ್ ಜೀವ ತೆಗೆಯುತ್ತದೆ. ಪೂರ್ತಿ ತುಂಬಿಸಿ, ವಾಲ್ವ್ ಕೋರ್ ತೆಗೆದು ಖಾಲಿ ಮಾಡಿ, ಮತ್ತೆ ತುಂಬಿಸಿದರೆ ಟ್ಯೂಬಿನ ಸುಕ್ಕು ಬಿಡುತ್ತದೆ. ಹಿಂದಿನ ಜೋಡಿಯ ವಾಲ್ವ್‌ಗಳು ಎದುರುಬದುರು ಬರಲಿ, ಒಳಗಿನದಕ್ಕೆ ಗಟ್ಟಿ ಹಿತ್ತಾಳೆ ಎಕ್ಸ್‌ಟೆನ್ಷನ್ ಹಾಕಿ. ಅಲ್ಯುಮಿನಿಯಂ ಮುಚ್ಚಳ ಕರಾವಳಿಯಲ್ಲಿ ಹಿತ್ತಾಳೆಗೆ ಕಚ್ಚಿಕೊಂಡು ಬಿಡುತ್ತದೆ, ಪ್ಲಾಸ್ಟಿಕ್ಕೇ ವಾಸಿ.

ನೈಟ್ರೋಜನ್ ತುಂಬಿಸಿಯೂ ನೋಡಿದೆ, ಕೊಟ್ಟ ದುಡ್ಡಿಗೆ ಏನೂ ಸಿಗಲಿಲ್ಲ. ಮುಚ್ಚಳದಂತೆ ಕೂರುವ ಪ್ರೆಶರ್ ಸೆನ್ಸರ್ ಮಾತ್ರ ಕೆಲಸಕ್ಕೆ ಬಂತು. ಶಿರಾಡಿ ಇಳಿಯುವಾಗ 70 ಇದ್ದದ್ದು 82ರ ಆಸುಪಾಸಿಗೆ ಏರುತ್ತದೆ, ಬ್ರೇಕ್ ಡ್ರಮ್ಮಿನ ಬಿಸಿಯಿಂದ ಒಳ ಟಯರ್ ಮೂರ್ನಾಲ್ಕು ಹೆಚ್ಚು. ಇದು ಸಹಜ, ದಾರಿಯಲ್ಲಿ ಗಾಳಿ ಬಿಡಬಾರದು. ಒಂದೇ ಬದಿಯ ಎರಡರಲ್ಲಿ ಹತ್ತರ ಅಂತರ ಕಂಡರೆ ನಿಲ್ಲಿಸಿ ನೋಡಿ.

ಮಳೆಗಾಲದಲ್ಲಿ ಗಾಡಿ ನಿಲ್ಲಿಸಿದರೂ ಹದಿನೈದು ದಿನಕ್ಕೊಮ್ಮೆ ಹದಿನೈದು-ಇಪ್ಪತ್ತು ಕಿ.ಮೀ. ಓಡಿಸಿ. ಓಡದೆ ನಿಂತೇ ಇರುವ ಟಯರ್ ಬೇಗ ಬಿರುಕು ಬಿಡುತ್ತದೆ. ಹೊಳಪಿಗೆ ಹಚ್ಚುವ ಪೆಟ್ರೋಲಿಯಂ ಪಾಲಿಶ್ ಬೇಡ, ಸೋಪು ನೀರು ಸಾಕು. ಬಿಸಿಲ ಬದಿಯ ಚಕ್ರಗಳಿಗೆ ದಪ್ಪ ಕ್ಯಾನ್ವಾಸ್ ಇಳಿಬಿಟ್ಟಿದ್ದೇನೆ, ಪ್ಲಾಸ್ಟಿಕ್ ಹಾಳೆ ಬೆವರು ಹಿಡಿಯುತ್ತದೆ. ಕ್ಯಾನ್ವಾಸಿನ ಒಳಗೆ ಇನ್ನೊಂದು ಪದರ ಇದೆ, ಅದರ ಪರೀಕ್ಷೆ ಇನ್ನೂ ನಡೆಯುತ್ತಿದೆ, ಸದ್ಯಕ್ಕೆ ಹೇಳುವುದಿಲ್ಲ.

ಸ್ಟೆಪ್ನಿಗೆ ಬೇರೆ ಖರ್ಚಿಲ್ಲ. ಹೊರಬಂದ ಜೋಡಿಯಲ್ಲಿ ಬಿಚ್ಚಿ ಒಳಮೈ ನೋಡಿ, ಬಿರುಕಿಲ್ಲದ್ದನ್ನು ಎರಡು ವರ್ಷ ಸ್ಟೆಪ್ನಿಯಾಗಿ ಇಡುತ್ತೇನೆ. ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತು ದಾಟಿಸಬೇಡಿ ಎನ್ನುವುದು ಟಯರ್ ತಯಾರಕರ ಸಾಮಾನ್ಯ ಸಲಹೆ. ಸ್ಟೆಪ್ನಿ ಎಂಟಕ್ಕೆ ಮುಗಿಯುತ್ತದೆ. ಅದನ್ನು ಹಿಂದಿನ ಚಕ್ರಕ್ಕೆ ಹಾಕಿ ಹತ್ತಿರದ ಪೇಟೆ ಮುಟ್ಟುವವರೆಗೆ ಮಾತ್ರ ಓಡಿಸಬೇಕು. ಪಂಕ್ಚರ್ ಮುಂದೆ ಆದರೆ ಹಿಂದಿನ ಹೊರ ಟಯರ್ ಮುಂದಕ್ಕೆ, ಸ್ಟೆಪ್ನಿ ಅದರ ಜಾಗಕ್ಕೆ, ಕೆಲಸ ಎರಡರಷ್ಟು ಆದರೂ ಸರಿ. ಆರು ದಾಟಿದ ಟಯರಿಗೆ ಬಟನ್ ಎಷ್ಟಿದ್ದರೂ ರಸ್ತೆಗೆ ಓಡಿಸುವವರಿಗೆ ಮಾರುವುದಿಲ್ಲ. ಮಲ್ಪೆಯ ಬೋಟಿನವರು ದಕ್ಕೆಗೆ ತಾಗದಂತೆ ಬದಿಗೆ ಕಟ್ಟಲು ಮುನ್ನೂರಕ್ಕೆ ಒಯ್ಯುತ್ತಾರೆ.